ಇಳಿಜಾರಿನಲ್ಲಿ ಎಂಜಿನ್ ಆರಿಸಬೇಡಿ, ಕಾಲೆತ್ತಿ

ಇಳಿಜಾರು ಕಂಡ ಕೂಡಲೇ ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿ, ಕೀ ಆಫ್ ಮಾಡಿ, ಪುಕ್ಕಟೆ ಓಡುತ್ತಿದೆ ಎಂದು ಬೀಗುವವರು ಇನ್ನೂ ಇದ್ದಾರೆ. ಕಾರ್ಬ್ಯುರೇಟರ್ ಕಾಲದ ಚಟ ಅದು. ಕಂಪ್ಯೂಟರ್ ಅಳೆದು ಇಂಧನ ಚಿಮ್ಮಿಸುವ ಇಂಜೆಕ್ಷನ್ ಎಂಜಿನ್ ಇರುವ ಮ್ಯಾನುವಲ್ ಕಾರಿಗೆ ಈ ಸರ್ಕಸ್ ಬೇಕಿಲ್ಲ.

ಮೊದಲಿಗೆ, ದೂರಕ್ಕೆ ಕಣ್ಣು ಹಾಯಿಸಿ. ಮುಂದೆ ಕೆಂಪು ದೀಪವೋ ತಿರುವೋ ಕಂಡರೆ ಆಕ್ಸಿಲರೇಟರ್‌ನಿಂದ ಕಾಲು ಪೂರ್ತಿ ಎತ್ತಿ. ಗೇರ್ ಇದ್ದಲ್ಲೇ ಇರಲಿ. ಆಗ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ, ಇಂಜೆಕ್ಟರ್‌ಗಳು ಇಂಧನ ಬಿಡುವುದನ್ನೇ ನಿಲ್ಲಿಸುತ್ತವೆ. ನ್ಯೂಟ್ರಲ್‌ನಲ್ಲಾದರೆ ಎಂಜಿನ್ ಆರದಿರಲೆಂದು ಇಂಧನ ಸುರಿಯಲೇಬೇಕು. ಸಣ್ಣ ಇಳುಕಲಿನಲ್ಲಿ ನ್ಯೂಟ್ರಲ್ ಗಾಡಿ ಹೆಚ್ಚು ದೂರ ಉರುಳುತ್ತದೆ, ನಿಜ. ಆದರೂ ನನ್ನ ಮತ ಗೇರಿಗೇ. ಬ್ರೇಕಿನ ಕೆಲಸದಲ್ಲಿ ಒಂದಿಷ್ಟನ್ನು ಎಂಜಿನ್ ಹೊರುತ್ತದೆ.

ಹೆಚ್ಚಿನವರು ಎಡವುವುದು ಮುಂದಿನ ಹಂತದಲ್ಲಿ. ಬ್ರೇಕ್ ಮುಟ್ಟಿದ ಕ್ಷಣವೇ ಎಡಗಾಲು ಕ್ಲಚ್ ಮೇಲೂ ಬೀಳುತ್ತದೆ. ಕ್ಲಚ್ ಒತ್ತಿದಿರೋ, ಉಳಿತಾಯ ಅಲ್ಲಿಗೇ ಮುಗಿಯಿತು. ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತುತ್ತದೆಂದು ತೋರಿಸುವ ಆರ್‌ಪಿಎಂ ಮೀಟರಿನ ಮುಳ್ಳು ನೋಡಿ: 1,500 ಆರ್‌ಪಿಎಂ ಆಸುಪಾಸಿಗೆ ಇಳಿಯುತ್ತಿದ್ದಂತೆ ಒಂದು ಗೇರ್ ಕೆಳಗಿಳಿಸಿ, ಕ್ಲಚ್ಚನ್ನು ನಿಧಾನವಾಗಿ ಬಿಡಿ. ಗಾಡಿ ಜರ್ಕ್ ಹೊಡೆದರೆ ಅವಸರ ಮಾಡಿದ್ದೀರಿ ಎಂದರ್ಥ. ಗೇರ್ ಬದಲಿಸುವಾಗ ಆಕ್ಸಿಲರೇಟರ್ ಚೂರು ತಟ್ಟಿದರೆ ಜರ್ಕ್ ತಪ್ಪುತ್ತದೆ. ಎಂಜಿನ್ ಇನ್ನೇನು ನಡುಗಲಿದೆ ಎನ್ನುವಾಗ ಮಾತ್ರ ಕ್ಲಚ್ ಪೂರ್ತಿ ಒತ್ತಿ.

ಅಂದಹಾಗೆ, ಇಂಧನದ ಪೈಪಿಗೆ ಕಟ್ಟುವ ಆಯಸ್ಕಾಂತ, ಲೈಟರ್ ಸಾಕೆಟ್ಟಿಗೆ ಚುಚ್ಚುವ ಮೈಲೇಜ್ ಡಬ್ಬಿಗಳಿಗೆ ದುಡ್ಡು ಹಾಕಬೇಡಿ. ಡಬ್ಬಿಯಲ್ಲಿ ದೀಪ ಮಿನುಗುತ್ತದೆ, ಮೈಲೇಜ್ ಅಲ್ಲೇ ಇರುತ್ತದೆ. ಟೈರಿಗೆ ಸರಿಯಾಗಿ ಗಾಳಿ ತುಂಬಿಸಿ, ಸಾಕು.

ಓಡುವಾಗ ಎಂಜಿನ್ ಆರಿಸಿದರೆ ಪೆಡಲ್ ಒತ್ತುವುದನ್ನು ಹಗುರ ಮಾಡುವ ಬ್ರೇಕ್ ಬೂಸ್ಟರಿನಲ್ಲಿ ಉಳಿದ ನಿರ್ವಾತ ಎರಡು ಮೂರು ಒತ್ತಿಗೆ ಖಾಲಿ. ಆಮೇಲೆ ಪೆಡಲ್ ಕಲ್ಲಿನಂತೆ ಗಟ್ಟಿ. ಸ್ಟೇರಿಂಗ್ ಭಾರವಾಗುತ್ತದೆ; ಕೀಯನ್ನು ಕೊನೆಯವರೆಗೆ ತಿರುಗಿಸಿ ಎಳೆದುಬಿಟ್ಟರೆ ಲಾಕ್ ಆಗಲೂಬಹುದು. ಅಕಸ್ಮಾತ್ ಎಂಜಿನ್ ತಾನಾಗಿ ಆರಿದರೆ ಬ್ರೇಕನ್ನು ಪಂಪ್ ಮಾಡದೆ, ಕೀ ಆನ್‌ನಲ್ಲೇ ಬಿಟ್ಟು, ಕ್ಲಚ್ ಒತ್ತಿ ವೇಗಕ್ಕೆ ತಕ್ಕಂತೆ ಮೂರನೆಯ ಇಲ್ಲವೇ ನಾಲ್ಕನೆಯ ಗೇರ್ ಹಾಕಿ ಮೆಲ್ಲಗೆ ಕ್ಲಚ್ ಬಿಡಿ. ಉರುಳುವ ಚಕ್ರವೇ ಎಂಜಿನ್ನನ್ನು ಎಬ್ಬಿಸುತ್ತದೆ. ಒಂದೆರಡು ಬಾರಿಗೆ ಏಳದಿದ್ದರೆ ಹಟ ಬೇಡ, ಪಕ್ಕಕ್ಕೆ ನಿಲ್ಲಿಸಿ. ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆ ಹರಿದು ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಕೆಡಿಸಬಹುದು.

ಆರಿಸುವುದೇ ಆದರೆ ಗಾಡಿ ನಿಂತ ಮೇಲೆ, ಹ್ಯಾಂಡ್‌ಬ್ರೇಕ್ ಎಳೆದು ಆರಿಸಿ. ಎಂಜಿನ್ ಬಿಸಿಯಾಗಿದ್ದು ಹತ್ತು ಸೆಕೆಂಡಿಗಿಂತ ಹೆಚ್ಚು ನಿಲ್ಲುವಂತಿದ್ದರೆ ಲಾಭ ಇದೆ. ಮತ್ತೆ ಸ್ಟಾರ್ಟ್ ಮಾಡುವಾಗ ನ್ಯೂಟ್ರಲ್‌ಗೆ ಹಾಕಿ, ಕ್ಲಚ್ ಒತ್ತಿ, ಕೀ ತಿರುಗಿಸಿ; ಆಕ್ಸಿಲರೇಟರ್ ಮಾತ್ರ ಮುಟ್ಟಬೇಡಿ. ಬ್ಯಾಟರಿ ಸೋತಿದ್ದರೆ ಇದೂ ಬೇಡ. ಟರ್ಬೊ ಎಂಜಿನ್ ಏರುದಾರಿಯಲ್ಲಿ ದುಡಿದು ಬಂದಿದ್ದರೆ ಆರಿಸುವ ಮುನ್ನ ಒಂದು ನಿಮಿಷ ಸುಮ್ಮನೆ ಓಡಲು ಬಿಡಿ.