ದೋಶೋಮಾಚಿಯ ಔಷಧ ದೇವರ ಸನ್ನಿಧಿಯಲ್ಲಿ

ಔಷಧಗಳ ಗುಣಮಟ್ಟವನ್ನು ಪರೀಕ್ಷಿಸುವುದು ನನ್ನ ವೃತ್ತಿ. ಕೆಲಸದ ನಿಮಿತ್ತ ಜಪಾನಿನ ಒಸಾಕಾದಲ್ಲಿದ್ದ ನವೆಂಬರ್ ತಿಂಗಳಲ್ಲೇ ಊರಿನಲ್ಲಿ ಅಮ್ಮನ ಮಂಡಿಯ ಶಸ್ತ್ರಚಿಕಿತ್ಸೆಗೆ ದಿನ ನಿಗದಿಯಾಗಿತ್ತು. ಹೀಗಾಗಿ ಅಲ್ಲಿನ ಔಷಧ ವರ್ತಕರ ಬಡಾವಣೆಯಾದ ದೋಶೋಮಾಚಿಯಲ್ಲಿ, ಔಷಧ ದೇವರಾದ ಸುಕುನಾಹಿಕೋನಾನ ದೇಗುಲದಲ್ಲಿ 22 ಮತ್ತು 23ರಂದು ಶಿನ್ನೋ ಉತ್ಸವ ನಡೆಯುತ್ತದೆಂದು ತಿಳಿದಾಗ, ಹೋಗದಿರಲು ಮನಸ್ಸಾಗಲಿಲ್ಲ.

ಕಿತಾಹಾಮಾ ನಿಲ್ದಾಣದಿಂದ ಕೆಲವೇ ನಿಮಿಷಗಳ ದೂರದಲ್ಲಿ, ಔಷಧ ಕಂಪನಿಗಳ ಎತ್ತರದ ಕಟ್ಟಡಗಳ ನಡುವೆ, ಕಿರಿದಾದ ದಾರಿಯ ಕೊನೆಗೆ ಜಪಾನಿನ ಮೂಲ ಧರ್ಮವಾದ ಶಿಂತೋದ ಈ ಪುಟ್ಟ ಗುಡಿಯಿದೆ. ಚೀನಾದಿಂದ ಬರುತ್ತಿದ್ದ ಗಿಡಮೂಲಿಕೆಗಳನ್ನು ಪರಿಶೀಲಿಸಿ ಬೆಲೆ ಕಟ್ಟುತ್ತಿದ್ದ ಇಲ್ಲಿನ ವರ್ತಕರು, ಜೀವಕ್ಕೆ ಸಂಬಂಧಿಸಿದ ಈ ಕೆಲಸದಲ್ಲಿ ತಮ್ಮಿಂದ ತಪ್ಪಾಗದಿರಲೆಂದು 1780ರಲ್ಲಿ ಕ್ಯೋಟೋದಿಂದ ಸುಕುನಾಹಿಕೋನಾ ದೇವರನ್ನು ಕರೆತಂದು, ಚೀನಾದ ಔಷಧ ದೇವತೆ ಶೆನ್ನಾಂಗ್‌ನ (ಜಪಾನಿಯಲ್ಲಿ ಶಿನ್ನೋ) ಜೊತೆಗೆ ಪ್ರತಿಷ್ಠಾಪಿಸಿದರು. ರೋಗಿಗಳಲ್ಲ, ಮದ್ದು ಕೊಡುವವರೇ ಹೊತ್ತ ಹರಕೆಯಿದು ಎಂಬುದು ನನ್ನನ್ನು ಬಹಳ ತಟ್ಟಿತು.

ಸರತಿಯಲ್ಲಿ ನನ್ನ ಮುಂದಿದ್ದ ಹಿರಿಯರನ್ನು ನೋಡಿಯೇ ಕ್ರಮವನ್ನು ಕಲಿತೆ. ಸೌಟಿನಿಂದ ನೀರು ಹೊಯ್ದು ಮೊದಲು ಎಡಗೈ, ನಂತರ ಬಲಗೈ ತೊಳೆದು, ಎಡ ಅಂಗೈಯಲ್ಲಿ ಹಿಡಿದ ನೀರಿನಿಂದ ಬಾಯಿ ಮುಕ್ಕಳಿಸಬೇಕು. ಸೌಟನ್ನು ಬಾಯಿಗೆ ತಾಗಿಸಬಾರದು. ಬಳಿಕ ಕಾಣಿಕೆ ಹಾಕಿ ಎರಡು ಬಾರಿ ಬಾಗಿ, ಬಲ ಅಂಗೈಯನ್ನು ತುಸು ಕೆಳಗೆ ಸರಿಸಿ ಎರಡು ಚಪ್ಪಾಳೆ ತಟ್ಟಿ, ಅಂಗೈಗಳನ್ನು ಸರಿಯಾಗಿ ಜೋಡಿಸಿ ಪ್ರಾರ್ಥಿಸಿ, ಕೊನೆಗೆ ಮತ್ತೊಮ್ಮೆ ಬಾಗಬೇಕು. ಐದು ಯೆನ್ ನಾಣ್ಯವನ್ನು ನಾನು ಬೇಕೆಂದೇ ಎತ್ತಿಟ್ಟುಕೊಂಡಿದ್ದೆ, ಏಕೆಂದರೆ ಜಪಾನಿ ಭಾಷೆಯಲ್ಲಿ ಅದರ ಉಚ್ಚಾರವಾದ 'ಗೊಎನ್' ಎಂಬುದಕ್ಕೆ ಋಣಾನುಬಂಧವೆಂಬ ಅರ್ಥವೂ ಇದೆ. ಮೊದಲು ಅಮ್ಮನ ಹೆಸರನ್ನೂ ಊರನ್ನೂ ಹೇಳಿಕೊಂಡೆ. ಆಮೇಲೆ, ನನ್ನ ಪರೀಕ್ಷೆಯಲ್ಲಿ ದೋಷವಿರುವ ಒಂದು ಮಾತ್ರೆಯೂ ಕಣ್ತಪ್ಪಿ ಹೋಗದಿರಲಿ ಎಂದು ಬೇಡಿಕೊಂಡೆ.

ಉತ್ಸವದಲ್ಲಿ ಬಿದಿರಿನ ರೆಂಬೆಗೆ ಕಟ್ಟಿದ ಕಾಗದದ ಹುಲಿಯನ್ನು ಕೊಡುತ್ತಾರೆ. 1822ರಲ್ಲಿ ಒಸಾಕಾದಲ್ಲಿ ಕಾಲರಾ ಹಬ್ಬಿದಾಗ, ಹುಲಿಯ ತಲೆಬುರುಡೆಯನ್ನೂ ಸೇರಿಸಿ ತಯಾರಿಸಿದ ಗುಳಿಗೆಗಳೊಂದಿಗೆ ಇಂತಹದೇ ಹುಲಿಗಳನ್ನು ವರ್ತಕರು ಹಂಚಿದ್ದರಂತೆ. ಆ ಗುಳಿಗೆ ಕಾಲರಾವನ್ನು ಗುಣಪಡಿಸಿತೆಂದು ನನ್ನ ವೃತ್ತಿಯವರು ಒಪ್ಪಲಾರರು, ನಾನೂ ಒಪ್ಪುವುದಿಲ್ಲ. ಆದರೆ ಸಾವು ಮನೆಮನೆಯ ಬಾಗಿಲಿಗೆ ಬಂದಾಗ ಅಂಗಡಿ ಮುಚ್ಚದೆ ಕೈಲಾದುದನ್ನು ಜನರಿಗೆ ತಲುಪಿಸಿದವರ ಬಗ್ಗೆ ನನಗೆ ಅಪಾರ ಗೌರವವಿದೆ.

ಅಂಗೈಯಗಲದ ಹಳದಿ ಹುಲಿಯ ಹೊಟ್ಟೆಯ ಮೇಲೆ 'ಔಷಧ' ಎಂಬ ಅರ್ಥದ ಕೆಂಪು ಅಕ್ಷರದ ಮುದ್ರೆಯಿದೆ. ಗಿಡದ ಎಲೆಗಳನ್ನು ವಿಮಾನದಲ್ಲಿ ತರಲು ಸಸ್ಯ ತಪಾಸಣೆಯ ನಿಯಮಗಳಿರುವುದರಿಂದ ರೆಂಬೆಯನ್ನು ಅಲ್ಲೇ ಬಿಟ್ಟು, ಹುಲಿಯನ್ನು ಮಾತ್ರ ತಂದೆ. ಅಮ್ಮ ಅದನ್ನು ತಮ್ಮ ಮಾತ್ರೆ ಡಬ್ಬಿಯ ಮೇಲಿನ ಮೊಳೆಗೆ ತೂಗುಹಾಕಿದ್ದಾರೆ.