ಶ್ವಾಸಕೋಶದ ಕ್ಯಾನ್ಸರ್: ಕೋಶದ ಬಗೆ ತಿಳಿದು ನರಗಳ ತೊಂದರೆಗಳನ್ನು ಗಮನಿಸುವ ಕ್ರಮ

ಶ್ವಾಸಕೋಶದ ಕ್ಯಾನ್ಸರ್ ಎಂದು ಖಚಿತವಾದ ಮೇಲೆ ಮನೆಯವರು ಬಯಾಪ್ಸಿ (ಗೆಡ್ಡೆಯ ತುಣುಕಿನ ಪರೀಕ್ಷೆ) ವರದಿಯಲ್ಲಿ ಗೆಡ್ಡೆಯ ಕೋಶದ ಬಗೆಯನ್ನು ಬರೆದಿರುವ ಸಾಲನ್ನು ಗುರುತಿಸಿ, ಅದರ ಅರ್ಥವನ್ನು ವೈದ್ಯರಿಂದ ಕೇಳಿ ತಿಳಿದುಕೊಳ್ಳಬೇಕು. ಮಿದುಳು, ಬೆನ್ನುಹುರಿ ಮತ್ತು ನರಗಳ ವಿಷಯದಲ್ಲಿ ಯಾವುದಕ್ಕೆ ಎಚ್ಚರವಾಗಿರಬೇಕೆಂಬುದು ಬಹುಮಟ್ಟಿಗೆ ಅದರಿಂದಲೇ ತಿಳಿಯುತ್ತದೆ.

ಸ್ಮಾಲ್ ಸೆಲ್ ಕಾರ್ಸಿನೋಮಾ (ಸಣ್ಣ ಕೋಶಗಳ ಕ್ಯಾನ್ಸರ್) ಎಂದಿದ್ದರೆ ಎಚ್ಚರ ಹೆಚ್ಚಿರಲಿ. ಶ್ವಾಸಕೋಶದ ಕ್ಯಾನ್ಸರುಗಳಲ್ಲಿ ಇದರ ಪಾಲು ಸುಮಾರು ಶೇ. 15 ಮಾತ್ರವಾದರೂ ಇದು ಬೇಗ ಮಿದುಳಿಗೆ ಹರಡುತ್ತದೆ. ಅಷ್ಟೇ ಅಲ್ಲ, ನರಗಳನ್ನು ಮುಟ್ಟದೆಯೂ ಅವುಗಳನ್ನು ಕೆಡಿಸಬಲ್ಲದು. ಈ ಕೋಶಗಳಲ್ಲಿ ನರಕೋಶಗಳಲ್ಲಿರುವಂಥವೇ ಕೆಲವು ಪ್ರೋಟೀನುಗಳು ಇರುವುದರಿಂದ, ಗೆಡ್ಡೆಯನ್ನು ಎದುರಿಸಲು ಹೊರಟ ದೇಹದ ರಕ್ಷಣಾ ವ್ಯವಸ್ಥೆ ಸ್ವಂತ ನರಗಳ ಮೇಲೂ ಎರಗುತ್ತದೆ. ಲ್ಯಾಂಬರ್ಟ್-ಈಟನ್ ಎಂಬ ತೊಂದರೆಯಲ್ಲಿ ತೊಡೆಗಳ ಬಲ ಕುಂದಿ ಕುರ್ಚಿಯಿಂದ ಏಳುವುದು, ಮೆಟ್ಟಿಲು ಹತ್ತುವುದು ಕಷ್ಟವಾಗುತ್ತದೆ, ಬಾಯಿ ಒಣಗುತ್ತದೆ. ಇನ್ನು ಕೆಲವರಲ್ಲಿ ಕೈಕಾಲುಗಳ ಸ್ಪರ್ಶ ಮಂಕಾಗುತ್ತದೆ, ನಡಿಗೆ ಓಲಾಡುತ್ತದೆ, ಕೆಲವೇ ವಾರಗಳಲ್ಲಿ ನೆನಪು ಕೆಡುತ್ತದೆ. ಕ್ಯಾನ್ಸರ್ ಪತ್ತೆಯಾಗುವುದಕ್ಕೆ ತಿಂಗಳುಗಳ ಮೊದಲೇ ಇವು ತಲೆದೋರುವುದುಂಟು. ಆದ್ದರಿಂದ ಬಹುಕಾಲ ಬೀಡಿ, ಸಿಗರೇಟು ಸೇದಿದವರಲ್ಲಿ ಇಂಥ ನಿಶ್ಶಕ್ತಿಯನ್ನು ವಯಸ್ಸಿನ ಮೇಲೆ ಹಾಕಿ ಸುಮ್ಮನಾಗದೆ, ಎದೆಯ ಸಿ.ಟಿ. ಸ್ಕ್ಯಾನ್ ಬೇಕೇ ಎಂದು ನರರೋಗ ತಜ್ಞರನ್ನು ಕೇಳಿ. ಮಂಪರು, ಗೊಂದಲ ಕಂಡರೆ ರಕ್ತದ ಸೋಡಿಯಂ ಪರೀಕ್ಷೆ ಆಗಲೇಬೇಕು. ಈ ಬಗೆಯ ಗೆಡ್ಡೆಯಲ್ಲಿ ಅದು ಕುಸಿಯುವುದು ಅಪರೂಪವಲ್ಲ.

ಅಡಿನೋಕಾರ್ಸಿನೋಮಾ (ಗ್ರಂಥಿಯಂಥ ಕೋಶಗಳ ಕ್ಯಾನ್ಸರ್) ಇದ್ದರೆ ಇ.ಜಿ.ಎಫ್.ಆರ್. ಮತ್ತು ಎ.ಎಲ್.ಕೆ. ಜೀನುಗಳ ಪರೀಕ್ಷೆ ಆಗಿದೆಯೇ ಎಂದು ವಿಚಾರಿಸಿ. ಇವುಗಳಲ್ಲಿ ಬದಲಾವಣೆಯಿರುವ ಗೆಡ್ಡೆಗಳು ಮಿದುಳಿಗೆ ಹೆಚ್ಚಾಗಿ ಹರಡುತ್ತವೆ. ಆದರೆ ಒಸಿಮರ್ಟಿನಿಬ್, ಅಲೆಕ್ಟಿನಿಬ್‌ನಂಥ ಮಾತ್ರೆಗಳು ಮಿದುಳಿನೊಳಗೂ ತಲುಪಿ ಕೆಲಸ ಮಾಡುತ್ತವೆ.

ಚಪ್ಪಟೆ ಕೋಶಗಳ ಸ್ಕ್ವಾಮಸ್ ಬಗೆಯಲ್ಲಿ ಗೊಂದಲಕ್ಕೆ ರಕ್ತದಲ್ಲಿ ಏರಿದ ಕ್ಯಾಲ್ಸಿಯಂ ಕಾರಣವಾಗಿರಬಹುದು.

ಕೋಶ ಯಾವ ಬಗೆಯದಾದರೂ, ಶ್ವಾಸಕೋಶದ ತುದಿಯಲ್ಲಿ ಬೆಳೆದ ಗೆಡ್ಡೆ ತೋಳಿನ ನರಗಳನ್ನು ಒತ್ತಿ ಭುಜದಿಂದ ಕಿರುಬೆರಳಿನವರೆಗೆ ನೋವು ತರುತ್ತದೆ. ಇದನ್ನು ಕುತ್ತಿಗೆಯ ಸ್ಪಾಂಡಿಲೋಸಿಸ್ ಎಂದೇ ಭಾವಿಸಿ ತಿಂಗಳುಗಟ್ಟಲೆ ನೋವಿನ ಮಾತ್ರೆ ನುಂಗಿದವರನ್ನು ನೆನೆದರೆ ಸಂಕಟವಾಗುತ್ತದೆ. ಅದೇ ಬದಿಯ ರೆಪ್ಪೆ ಜೋತುಬಿದ್ದಿದ್ದರೆ, ಪಾಪೆ ಕಿರಿದಾಗಿದ್ದರೆ ತಡಮಾಡಬೇಡಿ.

ಹೊಸದಾಗಿ ಬಂದ, ಮಲಗಿದಾಗ ಹೆಚ್ಚುವ ಬೆನ್ನುನೋವಿನೊಂದಿಗೆ ಕಾಲು ಸೋತರೆ ಅಥವಾ ಮೂತ್ರ ಕಟ್ಟಿದರೆ, ಗೆಡ್ಡೆ ಬೆನ್ನುಹುರಿಯನ್ನು ಒತ್ತುತ್ತಿರಬಹುದು; ಮುಂದಿನ ಓ.ಪಿ.ಡಿ. ದಿನಕ್ಕೆ ಕಾಯದೆ ಅಂದೇ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ. ಚಿಕಿತ್ಸೆ ಆರಂಭವಾಗುವ ಹೊತ್ತಿಗೆ ಕಾಲಿನಲ್ಲಿ ಉಳಿದಿರುವ ಬಲವೇ ರೋಗಿ ಮುಂದೆ ನಡೆಯುವರೇ ಎಂಬುದನ್ನು ಬಹುಪಾಲು ನಿರ್ಧರಿಸುತ್ತದೆ. ಮೊದಲ ಬಾರಿ ಫಿಟ್ಸ್ ಬಂದರೂ, ವಾಂತಿಯೊಡನೆ ಬೆಳಗಿನ ತಲೆನೋವು ಹೆಚ್ಚುತ್ತಿದ್ದರೂ ಹೀಗೆಯೇ ಮಾಡಬೇಕು.

ಬೆಂಗಳೂರಿನಲ್ಲಿ ಕ್ಯಾನ್ಸರಿಗೆ ಚಿಕಿತ್ಸೆ ನೀಡುವ ಕಿದ್ವಾಯಿ ಮತ್ತು ಮಿದುಳು, ನರಗಳ ರೋಗಗಳಿಗೆ ಚಿಕಿತ್ಸೆ ನೀಡುವ ನಿಮ್ಹಾನ್ಸ್ ಸಂಸ್ಥೆಗಳೆರಡೂ ಹೊಸೂರು ರಸ್ತೆಯಲ್ಲಿ ಅಕ್ಕಪಕ್ಕದಲ್ಲಿವೆ. ಎರಡೂ ಕಡೆ ತೋರಿಸಬೇಕಾಗಿ ಬಂದವರು ಬಯಾಪ್ಸಿ ವರದಿ, ಸ್ಕ್ಯಾನ್‌ಗಳ ಜೊತೆಗೆ ಕೊಟ್ಟ ಕೀಮೋ ಔಷಧಗಳ ಹೆಸರನ್ನೂ ಕೊನೆಯ ಡೋಸಿನ ದಿನಾಂಕವನ್ನೂ ಬರೆದುಕೊಂಡು ಹೋಗಬೇಕು. ಏಕೆಂದರೆ ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧದಿಂದ ಬರುವ ಪಾದಗಳ ಜೋಮು ಆ ಔಷಧ ನಿಲ್ಲಿಸಿದ ಮೇಲೂ ಕೆಲವು ತಿಂಗಳು ಹೆಚ್ಚುತ್ತಾ ಹೋಗಬಹುದು.