ಬ್ರೇಕ್ ರೀಕಾಲ್: ಮೆಸೇಜ್ ಕಾಯಬೇಡಿ, ಚಾಸಿ ನಂಬರ್ ಹಾಕಿ ನೋಡಿ

ತಯಾರಿಕೆಯಲ್ಲೇ ಆದ ದೋಷವನ್ನು ಕಂಪನಿ ತನ್ನ ಖರ್ಚಿನಲ್ಲಿ ಸರಿಮಾಡಿಕೊಡುವುದು ರೀಕಾಲ್. ಅದರ ಮೆಸೇಜ್ ಹೋಗುವುದು ದಾಖಲೆಯಲ್ಲಿರುವ ಮೊಬೈಲಿಗೆ. ಸೆಕೆಂಡ್ ಹ್ಯಾಂಡ್ ಕಾರಾದರೆ ಹಳೇ ಮಾಲೀಕರಿಗೆ ಹೋಗಿ ಕೂತಿರುತ್ತದೆ. ಮಾಲೀಕರು ದುಬೈಯಲ್ಲಿ, ಕಾರು ಕುಂದಾಪುರದ ಮನೆಯಲ್ಲಿ ಎಂದಾದರೆ ಯಾರಿಗೂ ಗೊತ್ತೇ ಆಗುವುದಿಲ್ಲ. ಕರಾವಳಿಯಲ್ಲಿ ಇಂಥ ಕಾರುಗಳೇನು ಕಡಿಮೆಯೇ?

ಮೊದಲು ಆರ್‌ಸಿಯಲ್ಲಿರುವ 17 ಅಕ್ಷರ-ಅಂಕಿಗಳ ಚಾಸಿ ನಂಬರನ್ನು ಕಂಪನಿಯ ವೆಬ್‌ಸೈಟಿನ ರೀಕಾಲ್ ಪುಟದಲ್ಲಿ ಹಾಕಿ. ಅದರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಇರುವುದಿಲ್ಲ. ಹಾಗೆ ಕಂಡದ್ದು ಒಂದು ಅಥವಾ ಸೊನ್ನೆ. ಮಾಡೆಲ್ ಹೆಸರಷ್ಟೇ ನೋಡಿ ಗಾಬರಿಯಾಗಬೇಡಿ, ನಿರಾಳವೂ ಆಗಬೇಡಿ. 2022ರಲ್ಲಿ ಹಿಂದಿನ ಬ್ರೇಕಿನ ಪಿನ್ ದೋಷಕ್ಕೆ ಮಾರುತಿ ಸುಜುಕಿ ವಾಪಸ್ ಕರೆದ 9,925 ವ್ಯಾಗನ್ ಆರ್, ಸೆಲೆರಿಯೊ, ಇಗ್ನಿಸ್ ಕಾರುಗಳು ಆ ವರ್ಷದ ಆಗಸ್ಟ್ 3ರಿಂದ ಸೆಪ್ಟೆಂಬರ್ 1ರೊಳಗೆ ತಯಾರಾದವು ಮಾತ್ರ.

ಅದೇ ಕಂಪನಿ 2018ರಲ್ಲಿ 52,686 ಸ್ವಿಫ್ಟ್, ಬಲೆನೊಗಳನ್ನು ಕರೆದದ್ದು ವ್ಯಾಕ್ಯೂಮ್ ಹೋಸ್ ಪರೀಕ್ಷೆಗೆ. ಪೆಡಲಿನ ಒತ್ತಡವನ್ನು ಹೆಚ್ಚಿಸುವ ಬೂಸ್ಟರಿಗೆ ಎಂಜಿನ್ ಕಡೆಯಿಂದ ನಿರ್ವಾತ ಸಿಗುವುದು ಈ ಪೈಪಿನಿಂದ. ಪೈಪ್ ಸೋರಿದರೆ ಬ್ರೇಕ್ ಪೂರ್ತಿ ಹೋಗುವುದಿಲ್ಲ, ಪೆಡಲ್ ಕಲ್ಲಿನಂತಾಗುತ್ತದೆ. ಆಗುಂಬೆಯ ತಿರುವುಗಳಲ್ಲಿ ಇಳಿಯುವಾಗ ಕಾಲಿನ ಬಲವಷ್ಟೇ ಗತಿ. ಆಗಲೂ ಎಂಜಿನ್ ಆಫ್ ಮಾಡಬೇಡಿ. ಪೆಡಲನ್ನು ಗಟ್ಟಿಯಾಗಿ ಒತ್ತಿಹಿಡಿದು ಗೇರ್ ಒಂದೊಂದಾಗಿ ಇಳಿಸಿ.

ಇದನ್ನು ಮನೆಯಂಗಳದಲ್ಲೇ ಪರೀಕ್ಷಿಸಬಹುದು. ಎಂಜಿನ್ ಆಫ್ ಇರುವಾಗ ಪೆಡಲನ್ನು ನಾಲ್ಕೈದು ಸಲ ಒತ್ತಿ, ಗಟ್ಟಿಯಾದ ಮೇಲೆ ಕಾಲು ತೆಗೆಯದೆ ಸ್ಟಾರ್ಟ್ ಮಾಡಿ. ಪೆಡಲ್ ತುಸು ಕೆಳಗಿಳಿದರೆ ಬೂಸ್ಟರ್ ಸರಿ. ಇಳಿಯದಿದ್ದರೆ ಬೂಸ್ಟರ್ ಅಥವಾ ಹೋಸ್ ಮೇಲೆ ಅನುಮಾನ. ಒತ್ತಿ ಹಿಡಿದಷ್ಟೂ ನಿಧಾನಕ್ಕೆ ಇಳಿಯುತ್ತಲೇ ಹೋದರೆ ಬ್ರೇಕ್ ಆಯಿಲ್ ಎಲ್ಲೋ ಸೋರುತ್ತಿದೆ, ಇಲ್ಲವೇ ಪೆಡಲಿನ ಒತ್ತಡವನ್ನು ಆಯಿಲಿಗೆ ದಾಟಿಸುವ ಮಾಸ್ಟರ್ ಸಿಲಿಂಡರಿನ ಸೀಲ್ ಹೋಗಿದೆ. ಆ ಕಾರನ್ನು ಓಡಿಸಬೇಡಿ, ಟೋ ಮಾಡಿಸಿ. ರಾತ್ರಿ ಮಳೆಗೆ ಡಿಸ್ಕ್ ತುಕ್ಕು ಹಿಡಿದು ಬೆಳಿಗ್ಗೆ ಮೊದಲ ಒಂದೆರಡು ಬ್ರೇಕಿಗೆ ಕರಕರ ಅನ್ನುವುದು ಮಾತ್ರ ದೋಷವಲ್ಲ, ಕಡಲ ತೀರದ ಗಾಳಿಯ ಗುಣ.

ನಂಬರ್ ಪಟ್ಟಿಯಲ್ಲಿದ್ದರೆ ಅಧಿಕೃತ ಸರ್ವಿಸ್ ಸೆಂಟರಿಗೆ ಫೋನ್ ಮಾಡಿ ಪಾರ್ಟ್ ಬಂದಿದೆಯೇ ಎಂದು ಮೊದಲೇ ಕೇಳಿ. ಮಂಗಳೂರಲ್ಲಿ ಕೊಂಡ ಕಾರನ್ನು ಉಡುಪಿಯಲ್ಲೂ ಕೊಡಬಹುದು. ಕಾರು ಬಿಡುವಾಗ ಮಾಡಬೇಕಾದ ಕೆಲಸ ಬರೆದುಕೊಳ್ಳುವ ಜಾಬ್ ಕಾರ್ಡಿನಲ್ಲಿ ‘ರೀಕಾಲ್’ ಎಂದೇ ಬರೆಸಿ. ಪಾರ್ಟ್, ಲೇಬರ್ ಎರಡಕ್ಕೂ ಬಿಲ್ ಸೊನ್ನೆ. ‘ಚಕ್ರ ಬಿಚ್ಚಿದ್ದೇವೆ, ಪ್ಯಾಡೂ ಹಾಕಿಬಿಡೋಣವೇ’ ಎಂದರೆ ಹಳೇ ಪ್ಯಾಡ್ ತೋರಿಸಲು ಹೇಳಿ. ಸವೆದ ಪ್ಯಾಡ್ ರೀಕಾಲಿಗೆ ಸೇರುವುದಿಲ್ಲ, ಅದರ ದುಡ್ಡು ನಿಮ್ಮದೇ.

ರೀಕಾಲ್ ಇಲ್ಲದಿದ್ದರೂ ದೋಷ ತಯಾರಿಕೆಯದೇ ಅನಿಸಿದರೆ, ತಯಾರಾಗಿ 7 ವರ್ಷದೊಳಗಿನ ವಾಹನಕ್ಕೆ ಕೇಂದ್ರ ಸಾರಿಗೆ ಸಚಿವಾಲಯದ ವಾಹನ್ ಪೋರ್ಟಲಿನಲ್ಲಿ ದೂರು ಕೊಡಬಹುದು. 2021ರ ಏಪ್ರಿಲ್ 1ರಿಂದ ಈ ನಿಯಮವಿದೆ. ಹೀಗೆ ಬಂದ ದೂರುಗಳು ನಿಗದಿತ ಸಂಖ್ಯೆ ದಾಟಿದರೆ ಸರ್ಕಾರವೇ ರೀಕಾಲಿಗೆ ಆದೇಶಿಸಬಹುದು. ರೀಕಾಲ್ ಕೆಲಸಕ್ಕೇ ದುಡ್ಡು ಕೇಳಿದರೆ ಜಾಬ್ ಕಾರ್ಡಿನ ಫೋಟೊ ಇಟ್ಟುಕೊಂಡು ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.